ಚಂದ್ರನಿಗೆ ಪರಸ್ಥಾನ

"ಹೋದಾವ ಯಾವಾಗ ಬರ್ತಾನ್ರಿ?" ಎಂದು ಹಂಪಮ್ಮ ಕೇಳಿದ್ದೇ ಎಲ್ಲಕ್ಕೂ ಮೂಲ. ಕೇಳದೆ ತನ್ನಷ್ಟಕ್ಕೆ ಕಸ ಗುಡಿಸಿಕೊಂಡು ಹೋಗಿದ್ದರೆ ಬೆನಕಪ್ಪ ಮೇಷ್ಟ್ರ ಆ ಮಂಗಳವಾರ ಬೇರೆ ಮಂಗಳವಾರಗಳ ಹಾಗೆಯೇ ಮುಗಿದುಹೋಗುತ್ತಿತ್ತು.

ಹೋದವನು ಎಂದರೆ ಚಂದ್ರನ ಮೇಲೆ ಹೋದವನು. ಇದು ಎಂಬತ್ತೇಳನೇ ಇಸವಿಯ ಮಾತು. ನಮ್ಮ ದೇಶದವನೊಬ್ಬ ಆಕಾಶಕ್ಕೆ ಹೋಗಿ ಬಂದು ಮೂರು ವರ್ಷವಾಗಿತ್ತು. ಆ ಹುಮ್ಮಸ್ಸಿನಲ್ಲೋ ಏನೋ, ಸರ್ಕಾರದವರು ಕೊಟ್ಟೂರಿನ ಒಂದು ಹೈಸ್ಕೂಲಿಗೂ ಕಂಪ್ಯೂಟರು ಕಳಿಸಿದ್ದರು. ಟೈಪ್ ಮಷೀನಿನಂಥ ಒಂದು ಹಲಗೆ, ಒಂದು ಟಿ.ವಿ., ಒಂದು ಟೇಪ್ ರೆಕಾರ್ಡರು, ಇಷ್ಟೇ. ಹದಿನೈದು ದಿನದ ತರಬೇತಿಗೆ ಯಾರೂ ಒಪ್ಪಲಿಲ್ಲ. ಲೆಕ್ಕದ ಮೇಷ್ಟ್ರು ಬೆನಕಪ್ಪನವರಿಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ, ಅವರು ಹೋದರು.

ಹೋಗಿ ಬಂದ ಮೇಲೆ ಮನುಷ್ಯ ಬೇರೆಯಾದರು. ಹದಿನಾರು ವರ್ಷ ಸೀಮೆಸುಣ್ಣದಲ್ಲಿ ಬರೆದು ಅಳಿಸಿದ ಲೆಕ್ಕ ಈಗ ಕಣ್ಣೆದುರಿಗೆ ಹಾರಾಡುತ್ತಿತ್ತು. ಚೌಕುಳಿ ನೋಟ್‌ಬುಕ್ಕಿನಲ್ಲಿ ಒಂದೊಂದೇ ಚೌಕ ತುಂಬಿ ಒಂದು ಆಕಾಶನೌಕೆ ಬಿಡಿಸಿದರು. ಅದೇ ಚೌಕಗಳಲ್ಲಿ ಕನ್ನಡದ ಅಕ್ಷರಗಳನ್ನೂ ಕೂಡಿಸಿದರು. ಒಂದು ವರ್ಷಕ್ಕೆ ಆಟವೊಂದು ಸಿದ್ಧವಾಯಿತು. ಗುಂಡಿ ಒತ್ತಿದರೆ ನೌಕೆ ಮೇಲೇಳಬೇಕು, ಎಣ್ಣೆ ಲೆಕ್ಕ ಹಾಕಿ ಸುಡಬೇಕು, ಚಂದ್ರನ ಮೇಲೆ ಮೆತ್ತಗೆ ಇಳಿಸಬೇಕು. ಇಳಿದರೆ ನಾಲ್ಕು ಚುಕ್ಕಿಯ ಒಬ್ಬ ಮನುಷ್ಯ ಹೊರಗೆ ಬಂದು ಬಾವುಟ ನೆಡುತ್ತಿದ್ದ. ಆಮೇಲೆ 'ಮುಗಿಯಿತು' ಎಂದು ಬರುತ್ತಿತ್ತು.

ಅವರ ಹೆಂಡತಿ ನೀಲಗಂಗಮ್ಮ, "ನಿಮಗ ಆ ಪೆಟ್ಟಿಗಿ ಕೂಡ ಲಗ್ನ ಮಾಡಬೇಕಾಗಿತ್ತು. ನನ್ನನ್ನ್ಯಾಕ ಕರ್ಕೊಂಡು ಬಂದ್ರಿ?" ಎನ್ನುತ್ತಿದ್ದರು. ಮೇಷ್ಟ್ರು ಅದಕ್ಕೂ ಇಲ್ಲ ಎನ್ನಲಿಲ್ಲ.

ಒಂದು ಸಂಜೆ ಬಾಗಿಲು ಹಾಕಲು ಬಂದಿದ್ದ ಹಂಪಮ್ಮ ಪೊರಕೆ ಹಿಡಿದು ನಿಂತು ಆಟ ಪೂರ್ತಿ ನೋಡಿದಳು. ನೋಡಿಯಾದ ಮೇಲೆ ಕೇಳಿದ್ದೇ ಆ ಪ್ರಶ್ನೆ.

"ಬರಂಗಿಲ್ಲ ಹಂಪಮ್ಮ. ಆಟ ಅಲ್ಲಿಗೇ ಮುಗೀತು."

"ಮುಗೀತು ಅಂದ್ರ? ಅವನ್ನ ಅಲ್ಲೇ ಬಿಟ್ಟು ಟಿ.ವಿ. ಆರಿಸಿಬಿಟ್ರೇನು? ಯಾರ ಮಗನೋ ಏನೋ!"

"ಅಂವ ನಾಕು ಚುಕ್ಕಿ, ಹಂಪಮ್ಮ."

"ಎಷ್ಟು ಚುಕ್ಕಿಯಾದ್ರೂ ಇರ್ಲಿ. ನಮ್ಮ ಮನ್ಯಾಗ ಸಂತಿಗೆ ಹೊಂಟೋರೂ ಹೋಗ್ತೀನಿ ಅನ್ನಂಗಿಲ್ರಿ. ಹೋಗಿ ಬರ್ತೀನಿ ಅಂತಾರ. ನೀವು ಓದಿದೋರು, ಹಿಂಗ ಮಾಡಬಾರದು."

ಆ ಮಾತು ಹಲ್ಲಿನ ಸಂದಿಗೆ ಸಿಕ್ಕ ಶೇಂಗಾ ಸಿಪ್ಪೆಯ ಹಾಗೆ ಮೇಷ್ಟ್ರನ್ನು ಕಾಡಿತು. ಮರುದಿನವೇ ಆಟದ ಎರಡನೇ ಭಾಗಕ್ಕೆ ಕೂತರು. ಹೋದವನನ್ನು ವಾಪಸ್ ಕರೆತರುವ ಭಾಗ. ಬಿಟ್ಟು ಬರುವುದಕ್ಕೆ ಬೇಕಾದ ಲೆಕ್ಕ ಒಂದು ಹಾಳೆಯಾದರೆ ಕರೆತರುವುದಕ್ಕೆ ಹನ್ನೊಂದು ಹಾಳೆಯಾಯಿತು. ಬರುವ ದಾರಿಯ ಎಣ್ಣೆಯನ್ನೂ ಹೋಗುವಾಗಲೇ ಹೊರಬೇಕು. ಆ ಎಣ್ಣೆಯ ಭಾರ ಹೊರುವುದಕ್ಕೆ ಮತ್ತಷ್ಟು ಎಣ್ಣೆ ಬೇಕು. ಏಳು ತಿಂಗಳು ಹಿಡಿಯಿತು.

ದಿನಾ ಸಂಜೆ ಹಂಪಮ್ಮನೇ ಪರೀಕ್ಷೆ ಮಾಡುವವಳು. ಟೇಪಿನಿಂದ ಆಟ ಕಂಪ್ಯೂಟರಿನ ಹೊಟ್ಟೆಗೆ ಇಳಿಯಲು ಎಂಟು ನಿಮಿಷ ಬೇಕು. ಅಲ್ಲಿಯತನಕ ಕೀರ್ ಎಂದು ಕೂಗುತ್ತಿರುತ್ತದೆ. ಯಾವ ಗುಂಡಿ ಮೊದಲು, ಕೂಗು ಯಾವಾಗ ನಿಲ್ಲುತ್ತದೆ ಎಲ್ಲವೂ ಹಂಪಮ್ಮನಿಗೆ ಗೊತ್ತಾಗಿತ್ತು. ನೌಕೆ ಇಳಿಸುವುದರಲ್ಲಂತೂ ಅವಳು ಮೇಷ್ಟ್ರಿಗಿಂತ ಜಾಣೆ. "ತಲಿ ಮ್ಯಾಲಿನ ತುಂಬಿದ ಕೊಡ ಇಳಿಸಿದಂಗ್ರಿ ಇದು. ಅವಸರ ಮಾಡಿದ್ರ ಕೊಡಾನೂ ಹೋತು, ನೀರೂ ಹೋತು," ಎನ್ನುತ್ತಿದ್ದಳು.

ಆ ಹೊತ್ತಿಗೆ ಇಲಾಖೆಯಿಂದ ಒಂದು ಕಾಗದ ಬಂತು. ಬಳಸದೆ ಬಿದ್ದಿರುವ ಕಂಪ್ಯೂಟರುಗಳನ್ನು ವಾಪಸ್ ತೆಗೆದುಕೊಳ್ಳುತ್ತಾರಂತೆ. ಪರಿಶೀಲಿಸಲು ಮಂಗಳವಾರ ಹನ್ನೊಂದು ಗಂಟೆಗೆ ಅಧಿಕಾರಿ ನಾಗಲಿಂಗಮ್ಮನವರು ಬರುತ್ತಾರಂತೆ.

ಕಾಗದ ನೋಡಿ ಬೆನಕಪ್ಪ ಮೇಷ್ಟ್ರಿಗೆ ಅನ್ನ ಸೇರಲಿಲ್ಲ. ಹೆಡ್ ಮೇಷ್ಟ್ರು ರಾಮಣ್ಣನವರಿಗೆ ಬೇರೆಯೇ ಭಯ. 'ನಮ್ಮ ಶಾಲೆಯ ಹನ್ನೆರಡೂ ಶಿಕ್ಷಕರು ಕಂಪ್ಯೂಟರಿನಲ್ಲಿ ನುರಿತಿದ್ದಾರೆ' ಎಂದು ಅವರು ತಿಂಗಳು ತಿಂಗಳೂ ಬರೆದು ಕಳಿಸುತ್ತಿದ್ದರು. ನಿಜ ಹೇಳಬೇಕೆಂದರೆ, ಶಾಕ್ ಹೊಡೆದೀತೆಂದು ರಾಮಣ್ಣನವರು ಆ ಕೋಣೆಯ ಹೊಸಿಲು ಕೂಡ ದಾಟಿರಲಿಲ್ಲ.

"ಮೇಷ್ಟ್ರ, ಆಟ ಎಲ್ಲಾರ್ದೂ ಅನ್ನಿಸಬೇಕ್ರಿ. ಎಲ್ಲಾರ ಕೈಯೂ ಒಂಚೂರು ಬೀಳ್ಲಿ," ಎಂದರು.

ಎಲ್ಲರ ಕೈಯೂ ಬಿತ್ತು. ಕನ್ನಡ ಪಂಡಿತರಾದ ಪಕ್ಕೀರಪ್ಪನವರು, ನೌಕೆ ಹೊರಡುವಾಗ ಬರುವ 'ಹೋಗಿ ಬರ್ತೀನಿ' ಎಂಬ ಮಾತು ಒಪ್ಪಲಿಲ್ಲ. "ಇದು ಅಡಿಗಿ ಮನಿ ಮಾತಾತ್ರಿ. ಗಗನಕ್ಕ ಹೋಗಾವ ಹಿಂಗ ಮಾತಾಡ್ತಾನೇನು? 'ಗಗನಪಥದಲ್ಲಿ ತೆರಳಿ ಮರಳಿ ಬರುವೆನು' ಅಂತ ಹಾಕ್ರಿ."

ಕಂಪ್ಯೂಟರಿನ ಹೊಟ್ಟೆಯೋ ಸಣ್ಣದು. ಒಂದು ಹಾಕಿದರೆ ಒಂದು ತೆಗೆಯಬೇಕು. ಪಂಡಿತರ ಒಂದು ಸಾಲಿಗೆ ಮೇಷ್ಟ್ರು ಆಟದ ಆಕಾಶದಲ್ಲಿ ಬಿಡಿಸಿದ್ದ ನಲವತ್ತು ನಕ್ಷತ್ರ ಹೋದವು. ಡ್ರಿಲ್ ಮೇಷ್ಟ್ರು ಚೌಡಣ್ಣನವರು, "ಸೀಟಿ ಊದ್ಲಾರ್ದ ಯಾವುದೂ ಹೊಂಡಂಗಿಲ್ಲ. ಬಸ್ಸೂ ಇಲ್ಲ, ರೈಲೂ ಇಲ್ಲ," ಎಂದು ಮೂರು ಸೀಟಿ ಹಾಕಿಸಿದರು. ಮೂವತ್ತು ನಕ್ಷತ್ರ ಹೋದವು. ಸೋಮವಾರ ಸಂಜೆ ರಾಮಣ್ಣನವರು ಬಾಗಿಲಾಚೆ ನಿಂತೇ ಕೇಳಿದರು: "ರಾಹುಕಾಲಕ್ಕ ಏನು ಮಾಡೀರಿ?"

"ರಾಹುಕಾಲ ಯಾಕ್ರಿ ಸಾರ್? ಇದು ವಿಜ್ಞಾನ."

"ವಿಜ್ಞಾನನ ಇರ್ಲಿ, ಹೊಂಡೋದು ಕೊಟ್ಟೂರಿಂದ ಹೌದಿಲ್ಲೋ? ನಾನು ಹೆಡ್ ಮೇಷ್ಟ್ರು ಇರೋತನಕ ಈ ಶಾಲಿಯಿಂದ ರಾಹುಕಾಲದಾಗ ಯಾರೂ ಚಂದ್ರಗ ಹೋಗಂಗಿಲ್ಲ."

ಆ ಕಂಪ್ಯೂಟರಿಗೆ ಗಡಿಯಾರವಿರಲಿಲ್ಲ. ಆಡುವವರೇ ವಾರ ಮತ್ತು ಗಂಟೆ ಒತ್ತಬೇಕು. ರಾಹುಕಾಲವಾದರೆ ನೌಕೆ ಏಳುವುದಿಲ್ಲ. ಅಷ್ಟು ಸೇರಿಸುವಷ್ಟರಲ್ಲಿ ಉಳಿದ ನಕ್ಷತ್ರಗಳೆಲ್ಲ ಮುಗಿದವು. ಆಕಾಶ ಒರೆಸಿದ ಕರೀ ಹಲಗೆಯಂತಾಯಿತು. ಒಂದು ಮೂಲೆಯಲ್ಲಿ ಒಂದೇ ಒಂದು ಕೆಂಪು ಚುಕ್ಕಿ ಉಳಿದಿತ್ತು. ಆಯುಧ ಪೂಜೆಯ ದಿನ ಹಂಪಮ್ಮ ಟಿ.ವಿ. ಗಾಜಿಗೆ ಹಚ್ಚಿದ್ದ ಕುಂಕುಮ ಅದು. ಜಾಗ ತಿನ್ನುವುದಿಲ್ಲವಲ್ಲ ಎಂದು ಮೇಷ್ಟ್ರು ಅದನ್ನು ಹಾಗೇ ಬಿಟ್ಟರು.

ಮಂಗಳವಾರ ಒಂಬತ್ತು ಗಂಟೆಗೆ ಬಂದು ಕಪಾಟು ತೆಗೆದರೆ ಕ್ಯಾಸೆಟ್ಟು ಇಲ್ಲ. 'ಆಟ ೧' ಇತ್ತು. 'ಆಟ ೨' ಇರಲಿಲ್ಲ. ಇನ್ನೊಂದು ಪ್ರತಿ ಮಾಡಬೇಕೆಂದು ಮೇಷ್ಟ್ರು ಅಂದುಕೊಂಡಿದ್ದರು, ಅಂದುಕೊಂಡಿದ್ದು ಹಾಗೆಯೇ ಉಳಿದಿತ್ತು. ಏಳು ತಿಂಗಳು ಒಂದು ಅಂಗೈಯಗಲದ ಪೆಟ್ಟಿಗೆಯಲ್ಲಿತ್ತು, ಅದೇ ಕಾಣೆ.

ಚಾಪೆ ಎತ್ತಿ ನೋಡಿದರು. ನೀರಿನ ಹರಿವಿ ಬೋರಲು ಹಾಕಿದರು. ಪಂಡಿತರು ತಮ್ಮ ನಿಘಂಟು ಝಾಡಿಸಿದರು. ಕಳೆದ ವರ್ಷದ ಒಂದು ಮದುವೆ ಕರೆಯೋಲೆ ಬಿತ್ತು. ಚೌಡಣ್ಣನವರು ಇಡೀ ಶಾಲೆಯನ್ನು ಸಾಲು ನಿಲ್ಲಿಸಿ ಜೇಬು ತಡಕಿಸಿದರು. ಗೋಲಿ, ಹುಣಸೆಹಣ್ಣು, ಮತ್ತು ಹೋದ ಜನವರಿಯಲ್ಲಿ ಕಳೆದಿದ್ದ ಅವರದೇ ಸೀಟಿ ಸಿಕ್ಕವು.

"ಬೀಗದ ಕೈ ಯಾರತ್ರ ಇರ್ತೈತಿ?" ರಾಮಣ್ಣನವರು ಕೇಳಿದರು.

"ನನ್ನತ್ರ ಒಂದು, ಹಂಪಮ್ಮನತ್ರ ಒಂದು," ಎಂದವರೇ ಮೇಷ್ಟ್ರು ಚಪ್ಪಲಿ ಮೆಟ್ಟದೆ ಓಡಿದರು.

ಹಂಪಮ್ಮ ಬೆಳಿಗ್ಗೆ ಶಾಲೆ ಗುಡಿಸಿ ಆಮೇಲೆ ಶೇಂಗಾ ಮಿಲ್ಲಿಗೆ ಹೋಗುವವಳು. ಮಿಲ್ಲಿನ ಧೂಳಿನಲ್ಲಿ ಹೆಂಗಸರೆಲ್ಲ ಒಂದೇ ಬಣ್ಣವಾಗಿ ಕೂತಿದ್ದರು. ಮೇಷ್ಟ್ರು ಏದುಸಿರು ಬಿಡುತ್ತ ಕೇಳಿದರೆ ಅವಳು ನೆಮ್ಮದಿಯಿಂದ ಮೊರ ಕೆಳಗಿಟ್ಟಳು.

"ಕಳುವಾಗಿಲ್ರಿ. ಪರಸ್ಥಾನ ಇಟ್ಟೀನಿ."

"ಏನು?"

"ಅಧಿಕಾರಿ ಅವ್ವಾರು ಎಷ್ಟೊತ್ತಿಗೆ ಬರ್ತಾರೋ ಏನೋ. ಅವರು ಬಂದ ಹೊತ್ತು ಚಲೋ ಇರದಿದ್ರ? ಅದಕ್ಕ ಎಂಟು ಗಂಟೇಕ ಒಳ್ಳೆ ಗಳಿಗಿ ನೋಡಿ, ಅಂಜಿನಕ್ಕನ ಮನ್ಯಾಗ ಇಟ್ಟು ಬಂದೆ. ಈ ಸಲ ಹೋದಾವ ಬರಬೇಕಲ್ಲರಿ."

ಮೇಷ್ಟ್ರಿಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಊರಿಗೆ ಹೊರಡುವವರು, ಆಮೇಲಿನ ಹೊತ್ತು ಸರಿಯಿಲ್ಲದಿದ್ದರೆ, ಒಳ್ಳೆಯ ಗಳಿಗೆಯಲ್ಲಿ ತಮ್ಮ ಗಂಟನ್ನು ಆಚೆ ಮನೆಯಲ್ಲಿ ಇಟ್ಟು ಬರುವುದು ನಮ್ಮ ಕಡೆಯ ರೂಢಿ. ಗಂಟು ಹೊಸಿಲು ದಾಟಿತೆಂದರೆ ಮನುಷ್ಯ ಹೊರಟ ಲೆಕ್ಕ. ಅವರ ತಾಯಿಯೂ ಹೀಗೆ ಎಷ್ಟೋ ಸಲ ಅವರ ಅಂಗಿ ಚಡ್ಡಿ ಗಂಟು ಕಟ್ಟಿ ಇಟ್ಟಿದ್ದರು.

ಅಂಜಿನಕ್ಕ ಶಾಲೆಯ ಎದುರಿಗೆ ಮಂಡಕ್ಕಿ ಮೆಣಸಿನಕಾಯಿ ಮಾಡುವವಳು. ಎಣ್ಣೆ ಬಾಣಲಿಯ ಮುಂದಿನಿಂದ ಏಳಲೇ ಇಲ್ಲ.

"ಕೊಡಾಕ ಬರಂಗಿಲ್ರಿ ಮೇಷ್ಟ್ರ. ಪರಸ್ಥಾನದ ಗಂಟು ಹೊಂಟೋರ ಕೈಗೇ ಕೊಡೋದು. ಮಂದಿ ಕೈಗೆ ಕೊಟ್ರ ಹೊಂಟೋರಿಗೆ ಒಳ್ಳೇದಲ್ಲ."

"ಅದು ಕ್ಯಾಸೆಟ್ಟು ಅಂಜಿನಕ್ಕ! ಹೊಂಟೋರು ಯಾರೂ ಇಲ್ಲ."

"ಯಾರೂ ಇಲ್ದ ಪರಸ್ಥಾನ ಇಡ್ತಾರೇನ್ರಿ? ಹಂಪಮ್ಮ ಏನು ಹುಚ್ಚಿಯೇ?"

"ಹಂಗಾದ್ರ ಹಂಪಮ್ಮ ಬಂದ್ರ ಕೊಡ್ತೀಯಾ?"

"ಹಂಪಮ್ಮ ಹೊಂಟಾಳೇನು?"

ಆಗಲೇ ಹನ್ನೆರಡು ಹೊಡೆದಿತ್ತು. ಎದುರಿನ ಗೇಟಿನಲ್ಲಿ ರಾಮಣ್ಣನವರು ಹಾರ ಹಿಡಿದು ಬಿಸಿಲಲ್ಲಿ ಬಾಡುತ್ತಿದ್ದರು, ಹಾರವೂ ಬಾಡುತ್ತಿತ್ತು. ಬೆನಕಪ್ಪ ಮೇಷ್ಟ್ರಿಗೆ ತಾಳ್ಮೆ ತಪ್ಪಿತು.

"ನಾನ ಹೊಂಟೀನಿ ತಾಯಿ! ನಾನ! ಕೊಡು ಇತ್ತ."

"ಅದನ್ನ ಮೊದಲ ಹೇಳಬಾರದೇನ್ರಿ?" ಅಂಜಿನಕ್ಕ ಜೋಳದ ಗಡಿಗೆಯೊಳಗೆ ಕೈ ಹಾಕಿ ಅರಿಷಿಣ ಬಟ್ಟೆಯ ಗಂಟು ತೆಗೆದಳು. ಒಳಗೆ ಕ್ಯಾಸೆಟ್ಟು, ಎರಡು ಅಡಿಕೆ, ಒಂದು ಹಿಡಿ ಜೋಳ. ಎರಡು ಕೈಯಲ್ಲಿ ಹಿಡಿದು ಕೊಟ್ಟಳು. "ದೂರ ಏನ್ರಿ?"

"ಬಾಳ ದೂರ. ಹೋಗ್ತೀನಿ."

"ಹೋಗಿ ಬರ್ತೀನಿ ಅನ್ರಿ!" ಎಂದು ಅವಳು ಹಿಂದಿನಿಂದ ಕೂಗಿದಳು. ಮೇಷ್ಟ್ರು ಆಗಲೇ ರಸ್ತೆ ದಾಟಿದ್ದರು.

ಹನ್ನೊಂದಕ್ಕೆ ಬರಬೇಕಾದ ಜೀಪು ಕೂಡ್ಲಿಗಿ ದಾರಿಯಲ್ಲಿ ಪಂಕ್ಚರಾಗಿ ಮೂರು ಗಂಟೆಗೆ ಬಂತು. ನಾಗಲಿಂಗಮ್ಮನವರು ಕಡಿಮೆ ಮಾತಿನವರು, ದೊಡ್ಡ ಕನ್ನಡಕದವರು. ಹಾರ ಬೇಡವೆಂದು ಕೈ ತೋರಿಸಿ ನೇರ ಕೋಣೆಗೆ ಹೋಗಿ ಕುರ್ಚಿಯಲ್ಲಿ ಕೂತರು. ಹನ್ನೆರಡು ಶಿಕ್ಷಕರೂ ಗೋಡೆಗೆ ಆತು ನಿಂತರು. ರಾಮಣ್ಣನವರು ಮೊದಲ ಸಲ ಹೊಸಿಲು ದಾಟಿ ಒಳಗೆ ಬಂದು, ಎರಡೂ ಕೈ ಹಿಂದೆ ಕಟ್ಟಿಕೊಂಡರು. ಟೇಪು ಎಂಟು ನಿಮಿಷ ಕೀರ್ ಎಂದಿತು.

ತೆರೆಯ ಮೇಲೆ ವಾರ ಕೇಳಿತು. ಅಮ್ಮನವರು ಮಂಗಳವಾರ ಎಂದು ಒತ್ತಿದರು. ಗಂಟೆ ಕೇಳಿತು. ಕೈಗಡಿಯಾರ ನೋಡಿ ಮೂರು ಒತ್ತಿದರು.

'ರಾಹುಕಾಲ. ಹೊರಡಬೇಡ.'

ಅಮ್ಮನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಏನ್ರಿ ಇದು?"

"ಅದು ನಮ್ಮ... ಸ್ಥಳೀಯ ಅಂಶ್ರಿ ಮೇಡಮ್," ಎಂದರು ರಾಮಣ್ಣನವರು.

"ಯಾವಾಗ ಬಿಡ್ತದ?"

"ನಾಕೂವರೀಗ್ರಿ."

"ನಾನು ನಾಕಕ್ಕ ಹೊಂಡಬೇಕು."

ಬೆನಕಪ್ಪ ಮೇಷ್ಟ್ರು ಮೆಲ್ಲಗೆ, "ಮೇಡಮ್, ಬ್ಯಾರೆ ಗಂಟಿ ಒತ್ರಿ, ನಡೀತೈತಿ," ಎಂದರು.

"ಸುಳ್ಳು ಒತ್ತಬೇಕೇನು? ಸರ್ಕಾರಿ ಯಂತ್ರಕ್ಕ?" ಅಮ್ಮನವರು ಮೇಷ್ಟ್ರ ಕಡೆ ತಿರುಗಿ ನೋಡಿದರು. ಏಳು ತಿಂಗಳ ಕೆಲಸ ಒಂದು ಸಾಲಿನ ಹತ್ತಿರ ಬಂದು ನಿಂತಿತ್ತು. ಕಂಪ್ಯೂಟರು ಜೀಪಿನ ಹಿಂದೆ ಕೂತು ಹೋಗುವುದು ಮೇಷ್ಟ್ರಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು.

ಬಾಗಿಲಿನಿಂದ ಹಂಪಮ್ಮನ ದನಿ ಬಂತು. ಎರಡು ಗಂಟೆಗೇ ಮಿಲ್ಲಿನಿಂದ ಬಂದು ನಿಂತಿದ್ದಳು. "ಸುಳ್ಳಲ್ರಿ ಅವ್ವಾರ. ಅಂವ ಹೊಂಟಿದ್ದು ಬೆಳಿಗ್ಗಿ ಎಂಟಕ್ಕ. ನಾನ ಪರಸ್ಥಾನ ಇಟ್ಟೀನಿ. ಎಂಟು ಅಂತ ಒತ್ರಿ."

ನಾಗಲಿಂಗಮ್ಮನವರು ರಾಮಣ್ಣನವರ ಮುಖ ನೋಡಿದರು. ರಾಮಣ್ಣನವರು ಯೋಚಿಸಿ, ಬಹಳ ಗಂಭೀರವಾಗಿ, "ಹಂಗಾದ್ರ ದೋಷ ಇಲ್ರಿ ಮೇಡಮ್," ಎಂದರು.

ಅಮ್ಮನವರು ಎಂಟು ಒತ್ತಿದರು. ಮೂರು ಸೀಟಿ ಊದಿತು. ಗಗನಪಥದಲ್ಲಿ ತೆರಳಿ ಮರಳಿ ಬರುವೆನೆಂದು ಬರೆದು ತೋರಿಸಿತು. ನೌಕೆ ಮೇಲೆದ್ದಿತು.

"ಆಕಾಶದಾಗ ಒಂದೂ ನಕ್ಷತ್ರ ಇಲ್ಲಲ್ಲ?"

"ಹಗಲ್ರಿ ಮೇಡಮ್," ಎಂದರು ಪಂಡಿತರು.

"ಆ ಕೆಂಪಂದು?"

"ಮಂಗಳ ಗ್ರಹ್ರಿ," ಎಂದರು ರಾಮಣ್ಣನವರು. "ಇವತ್ತು ಮಂಗಳವಾರ ನೋಡ್ರಿ."

ಚಂದ್ರನ ಮೇಲೆ ಇಳಿದದ್ದಾಯಿತು, ಬಾವುಟ ನೆಟ್ಟದ್ದಾಯಿತು. ವಾಪಸ್ ಬರುವಾಗ ಅಮ್ಮನವರು ಗುಂಡಿಯನ್ನು ಬಿಡದೆ ಒತ್ತತೊಡಗಿದರು. ಭೂಮಿ ಕೆಳಗಿನಿಂದ ಗೂಳಿಯ ಹಾಗೆ ನುಗ್ಗಿ ಬರುತ್ತಿತ್ತು. ಎಣ್ಣೆ ಮುಗಿಯುತ್ತ ಬಂದಿತ್ತು. ಹಂಪಮ್ಮ ಪೊರಕೆ ಬಿಟ್ಟು ಒಳಗೆ ಬಂದು ಕುರ್ಚಿಯ ಹಿಂದೆ ನಿಂತಳು.

"ಗಾಬರಿ ಆಗಬ್ಯಾಡ್ರಿ. ತುಂಬಿದ ಕೊಡ ಇಳಿಸ್ತೀರಲ್ಲ, ಹಂಗ. ಈಗ ಒಂಚೂರು ಒತ್ರಿ. ಬಿಡ್ರಿ. ಮತ್ತೊಂಚೂರು... ಮೊಣಕಾಲು ಬಗ್ಗಿಸ್ರಿ ಅಂದಂಗ... ಬಿಡ್ರಿ!"

ನೌಕೆ ಹೂವಿಟ್ಟಂತೆ ನೆಲಕ್ಕೆ ಕೂತಿತು. ನಾಲ್ಕು ಚುಕ್ಕಿಯ ಮನುಷ್ಯ ಹೊರಗೆ ಬಂದು ನಿಂತ.

"ಬಂದ!" ಎಂದಳು ಹಂಪಮ್ಮ. ಅಷ್ಟೇ ಅಂದಳು, ಸೆರಗಿನಿಂದ ಮುಖ ಒರೆಸಿಕೊಂಡಳು. ಹನ್ನೆರಡು ಶಿಕ್ಷಕರು ಚಪ್ಪಾಳೆ ಹೊಡೆದರು. ಅಮ್ಮನವರ ಮುಖದಲ್ಲಿ ಒಂದು ನಗು ಬಂದು, ಇಲಾಖೆ ನೆನಪಾಗಿ ವಾಪಸ್ ಹೋಯಿತು.

"ಇದನ್ನ ಮಾಡಿದೋರು ಯಾರು?"

ಬೆನಕಪ್ಪ ಮೇಷ್ಟ್ರು ಬಾಯಿ ತೆಗೆಯುವ ಮೊದಲೇ ಪಂಡಿತರು ಒಂದು ಹೆಜ್ಜೆ ಮುಂದೆ ಬಂದರು. "ಮಾತೆಲ್ಲಾ ನಂದ್ರಿ." "ಹೊಂಡಿಸೋದೆಲ್ಲಾ ನಂದ್ರಿ," ಎಂದರು ಚೌಡಣ್ಣನವರು. "ಕಾಲಮಾನದ ವಿಭಾಗ ನಾನೇ ನೋಡ್ಕೊಂಡೀನ್ರಿ. ನಮ್ಮ ಶಾಲ್ಯಾಗ ಎಲ್ಲಾ ಕೆಲಸ ಒಬ್ರ ಮ್ಯಾಲೇ ಬೀಳಂಗಿಲ್ರಿ ಮೇಡಮ್. ಹನ್ನೆರಡೂ ಮಂದಿ ನುರಿತೋರು," ಎಂದರು ರಾಮಣ್ಣನವರು. ಬೆನಕಪ್ಪ ಮೇಷ್ಟ್ರು ತಡೆಯಲಿಲ್ಲ. ಅನ್ನಲಿ, ಕಂಪ್ಯೂಟರು ಉಳಿದರೆ ಸಾಕು ಎಂದುಕೊಂಡು ತಲೆಯಾಡಿಸಿದರು.

"ಕಸ ಗುಡಿಸೋರೂ ಕಲ್ತಾರ," ಎಂದು ಅಮ್ಮನವರು ಹಂಪಮ್ಮನನ್ನು ನೋಡಿ ಬರೆದುಕೊಂಡರು. "ಬಾಳ ಸಂತೋಷ. ಕಂಪ್ಯೂಟರು ಇಲ್ಲೇ ಇರ್ಲಿ."

ರಾಮಣ್ಣನವರು ಗೋಡೆಗೆ ಒರಗಿದರು.

"ಆದ್ರ ಒಂದು," ಎಂದು ಅಮ್ಮನವರು ಪೆನ್ನಿನ ಮುಚ್ಚಳ ಹಾಕದೆಯೇ ಮುಂದುವರಿಸಿದರು. "ಹಡಗಲಿ ಆಚೆ ಒಂದು ಹಳ್ಳಿ ಶಾಲಿಗೂ ಕಂಪ್ಯೂಟರು ಕೊಟ್ಟೀವಿ. ಅಲ್ಲಿ ಒಬ್ರಿಗೂ ಬರಂಗಿಲ್ಲ. ಇಲ್ಲಿ ಹನ್ನೆರಡು ಮಂದಿಗೆ ಬರ್ತದ. ತರಬೇತಿ ಚೀಟಿ ಇರೋದು ಬೆನಕಪ್ಪ ಅವರತ್ರ ಮಾತ್ರ. ನಾಳಿಂದ ಅವರು ಅಲ್ಲಿಗೆ ಹೋಗ್ಲಿ. ಮೂರನೇ ಭಾಗ ನೀವೆಲ್ಲಾ ಕೂಡಿ ಮಾಡ್ರಿ."

ಮೇಷ್ಟ್ರು ರಾಮಣ್ಣನವರನ್ನು ನೋಡಿದರು. ಇಪ್ಪತ್ನಾಲ್ಕು ತಿಂಗಳು ಬರೆದು ಕಳಿಸಿದ ಸುಳ್ಳನ್ನು ಈಗ ನುಂಗುವುದು ಹೇಗೆ? ರಾಮಣ್ಣನವರು ಸೂರಿನ ತೊಲೆ ಎಣಿಸುತ್ತ ನಿಂತರು. ಪಂಡಿತರು ಮುಂದಿಟ್ಟಿದ್ದ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡರು. ಬೆನಕಪ್ಪ ಮೇಷ್ಟ್ರಿಗಂತೂ ಇಲ್ಲ ಎನ್ನುವುದು ಮೊದಲೇ ಬರುತ್ತಿರಲಿಲ್ಲ.

"ಅಲ್ಲಿ ಕಂಪ್ಯೂಟರು ಹೆಂಗೈತ್ರಿ ಮೇಡಮ್?" ಎಂದಷ್ಟೇ ಕೇಳಿದರು.

"ಹೊಸಾದು. ಪೆಟ್ಟಿಗಿ ಬಿಚ್ಚಿಲ್ಲ. ಶಾಲಿಗೆ ಕರೆಂಟು ಇನ್ನೂ ಬಂದಿಲ್ಲ," ಎಂದು ಹೇಳಿ, ಆದೇಶ ಬರೆದು, ನಾಗಲಿಂಗಮ್ಮನವರು ನಾಲ್ಕಕ್ಕೆ ಸರಿಯಾಗಿ ಜೀಪು ಹತ್ತಿದರು. ಆಗಿನ್ನೂ ರಾಹುಕಾಲ ಅರ್ಧ ಗಂಟೆ ಬಾಕಿಯಿತ್ತು. ಯಾರೂ ಹೇಳಲಿಲ್ಲ.

ಸಂಜೆ ಮೇಷ್ಟ್ರು ಕೋಣೆಯಲ್ಲಿ ಒಬ್ಬರೇ ಕೂತು ಚೌಕುಳಿ ನೋಟ್‌ಬುಕ್ಕುಗಳನ್ನು ಚೀಲಕ್ಕೆ ತುಂಬಿದರು. ಸುದ್ದಿ ಕೇಳಿ ಅಂಜಿನಕ್ಕ ಮಂಡಕ್ಕಿ ಪೊಟ್ಟಣ ತಂದು ಕೈಗಿಟ್ಟಳು.

"ಬೇಜಾರು ಮಾಡ್ಕೋಬ್ಯಾಡ್ರಿ. ನೀವ ಅಂದಿದ್ರಲ್ಲ, ನಾನ ಹೊಂಟೀನಿ ಅಂತ. ನಿಮ್ಮ ಕೈಯಾಗ ಗಂಟು ಕೊಟ್ಟೀನಿ. ಪರಸ್ಥಾನ ಸುಳ್ಳಾಗಂಗಿಲ್ಲರಿ," ಎಂದು ಸಮಾಧಾನ ಹೇಳಿ ಹೋದಳು.

ಹಂಪಮ್ಮ ಬಾಗಿಲಲ್ಲಿ ನಿಂತಿದ್ದಳು. "ವಾಪಸ್ ಬರೋ ತಾರೀಖು ಬರ್ದಾರೇನ್ರಿ ಕಾಗದದಾಗ?"

ಮೇಷ್ಟ್ರು ಮತ್ತೆ ಓದಿದರು. ಹೋಗುವ ತಾರೀಖು ಇತ್ತು. ಕೆಳಗೆ 'ಮುಂದಿನ ಆದೇಶದವರೆಗೆ' ಎಂದಿತ್ತು.

"ಇಲ್ಲ ಹಂಪಮ್ಮ. ಇದು ಬರೇ ಮೊದಲನೇ ಭಾಗ."

ಹಂಪಮ್ಮ ಪೊರಕೆ ಕೈಗೆತ್ತಿಕೊಂಡಳು. "ಇಲ್ಲಿಂದು ಚಿಂತಿ ಬ್ಯಾಡ್ರಿ. ಇವರ್ಯಾರಿಗೂ ಸ್ವಿಚ್ಚೂ ಗೊತ್ತಿಲ್ಲ. ದಿನಾ ಸಂಜಿಗೆ ಅವನ್ನ ನಾನ ಒಂದ್ಸಲ ಕರ್ಕೊಂಡು ಬಂದು ಇಳಿಸಿ, ಆಮ್ಯಾಲೆ ಬಾಗಲಾ ಹಾಕ್ತೀನಿ."

ಮೇಷ್ಟ್ರು ಎದ್ದರು. ಟಿ.ವಿ.ಯ ಮೂಲೆಯ ಕೆಂಪು ಚುಕ್ಕಿಯನ್ನೊಮ್ಮೆ ನೋಡಿ, ತಮ್ಮ ಹತ್ತಿರವಿದ್ದ ಬೀಗದ ಕೈಯನ್ನೂ ಅವಳಿಗೆ ಕೊಟ್ಟು, ಚೀಲ ಹೆಗಲಿಗೆ ಹಾಕಿಕೊಂಡರು.

"ಹೋಗ್ತೀನಿ ಹಂಪಮ್ಮ."

ಹಂಪಮ್ಮ ಬಾಗಿಲು ಬಿಟ್ಟು ಸರಿಯಲಿಲ್ಲ. ಪೊರಕೆಯನ್ನು ಅಡ್ಡ ಹಿಡಿದುಕೊಂಡು ಅವರ ಮುಖ ನೋಡುತ್ತ ಹಾಗೆಯೇ ನಿಂತಳು.

"ಹೋಗಿ ಬರ್ತೀನಿ," ಎಂದರು ಮೇಷ್ಟ್ರು.

ಆಗ ದಾರಿ ಬಿಟ್ಟಳು.